ಇರೀನಿ: ಮಗಳಿಗೆ ಗ್ರೀಕ್ ಹೆಸರಿಟ್ಟ ನನ್ನ ಅನುಭವ

ನನ್ನ ಮಗಳ ಮೊದಲ ಸರ್ಕಾರಿ ಕಾಗದದಲ್ಲಿ ಹೆಸರು ಬರೆಯುವ ಜಾಗದಲ್ಲಿ ಮೂರೇ ಅಕ್ಷರ ಇದ್ದವು: ಆಲ್ಫಾ, ಕಾಪಾ, ಓಮಿಕ್ರಾನ್. ಹೆಸರಿನ್ನೂ ಇಟ್ಟಿಲ್ಲ ಎಂದು ಅದರ ಅರ್ಥ. ಗ್ರೀಸಿನಲ್ಲಿ ಮಗು ಹುಟ್ಟಿದ 10 ದಿನದೊಳಗೆ ಜನನ ನೋಂದಾಯಿಸಬೇಕು, ಹೆಸರನ್ನು ಮಾತ್ರ ಆಮೇಲೆ ಕೊಟ್ಟರೂ ನಡೆಯುತ್ತದೆ. ಎಷ್ಟೋ ಮನೆಗಳಲ್ಲಿ ದೀಕ್ಷಾಸ್ನಾನದ ದಿನದವರೆಗೂ ಹೆಣ್ಣುಮಗು ಬರೀ ‘ಬೇಬಾ’, ಗಂಡುಮಗು ‘ಬೇಬಿಸ್’. ಥೆಸಲೊನೀಕಿಯ ನಮ್ಮ ಮನೆಯಲ್ಲೂ ಐದು ತಿಂಗಳು ಅವಳು ಬೇಬಾ. ಹಾಸನದಿಂದ ಫೋನ್ ಮಾಡುವ ಅಮ್ಮನಿಗೆ ಪಾಪು.

ಹೆಸರು ಹುಡುಕದೆ ಕೂತಿದ್ದೆ ಎಂದಲ್ಲ. ಬಸುರಿಯಾಗಿದ್ದಾಗಲೇ ಒಂದು ನೋಟ್‌ಬುಕ್ ಇಟ್ಟುಕೊಂಡು, ನಮ್ಮ ಕಡೆ ಮಾಡುವ ಹಾಗೆ ಅರ್ಥ ನೋಡಿ ನೋಡಿ ಬರೆದಿದ್ದೆ. ಮೆಲಿಸ್ಸಾ ಎಂದರೆ ಜೇನುನೊಣ. ಖ್ಲೋಯಿ ಎಂದರೆ ಎಳೆ ಚಿಗುರು. ಜೊಯಿ ಎಂದರೆ ಬದುಕು. ನನಗೆ ತುಂಬ ಇಷ್ಟವಾದದ್ದು ದಾಫ್ನಿ. ಪ್ರಾಚೀನ ಗ್ರೀಸಿನ ಡೆಲ್ಫಿಯ ಪಂದ್ಯಗಳಲ್ಲಿ ಗೆದ್ದವರ ತಲೆಗೆ ಮುಡಿಸುತ್ತಿದ್ದ ಲಾರೆಲ್ ಎಲೆ ಅದು. ಅತ್ತೆ ಮಸೂರದ ಸಾರಿಗೆ ಹಾಕುವುದೂ ಅದೇ ಎಲೆ. ಒಂದು ಸಂಜೆ ಊಟದ ಮೇಜಿನಲ್ಲಿ ಆ ಹೆಸರು ಹೇಳಿದೆ. ಗಂಡ ಕೇಳಿದ್ದು ಒಂದೇ ಪ್ರಶ್ನೆ: “ನಮ್ಮ ಮನೆತನದಲ್ಲಿ ದಾಫ್ನಿ ಯಾರು?” ಅತ್ತೆ “ನಿಮಗೆ ಹೇಗೆ ಬೇಕೋ ಹಾಗೆ” ಎಂದವರು, ತೊಳೆದಿಟ್ಟಿದ್ದ ಸೊಪ್ಪನ್ನೇ ಎತ್ತಿಕೊಂಡು ಹೋಗಿ ಮತ್ತೆ ತೊಳೆದರು.

ಆ ಸೊಪ್ಪಿನ ಅರ್ಥ ನನಗೆ ಬಿಡಿಸಿ ಹೇಳಿದ್ದು ಗಂಡನ ಚಿಕ್ಕಮ್ಮ. ಇಲ್ಲಿ ಹೆಸರನ್ನು ಹುಡುಕುವುದಿಲ್ಲ, ಅದು ಇಳಿದು ಬರುತ್ತದೆ. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಮೊದಲ ಹೆಣ್ಣುಮಗುವಿಗೆ ಸಾಮಾನ್ಯವಾಗಿ ತಂದೆಯ ತಾಯಿಯ ಹೆಸರು. ಕೆಲವು ದ್ವೀಪಗಳಲ್ಲಿ ಮೊದಲ ಹೆಣ್ಣುಮಗುವಿಗೆ ತಾಯಿಯ ತಾಯಿಯ ಹೆಸರಿಡುತ್ತಾರೆ. ಅಜ್ಜ ಅಜ್ಜಿ ಬದುಕಿರುವಾಗಲೇ ಇಡುವುದು ದೊಡ್ಡ ಗೌರವ. ಹೀಗಾಗಿಯೇ ನನ್ನ ಗಂಡನ ಮನೆತನದಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಿಬ್ಬರ ಹೆಸರೂ ದಿಮಿತ್ರಿಸ್, ಕುಲನಾಮವೂ ಒಂದೇ. ಸಂತ ದಿಮಿತ್ರಿಯೋಸ್ ಈ ಊರಿನ ರಕ್ಷಕ. ಅಕ್ಟೋಬರ್ 26ರಂದು ಊರಿಗೇ ರಜೆ. ಆದರೆ ಆ ಹೆಸರನ್ನು ಬಿಡಿಸಿದರೆ ಸಿಗುವುದು ‘ಡಿಮೀಟರ್‌ಗೆ ಸೇರಿದವನು’, ಅಂದರೆ ಪೈರಿನ ಹಳೆಯ ದೇವತೆಗೆ. ದೇವಸ್ಥಾನ ಹೋಗಿ ಚರ್ಚು ಬಂದರೂ ದೇವತೆ ಹೆಸರಿನೊಳಗೆ ಉಳಿದುಕೊಂಡಿದ್ದಾಳೆ. ಇದು ತಿಳಿದ ದಿನ ನನಗೆ ಮೈ ಜುಮ್ಮೆಂದಿತು.

ನನ್ನ ಅತ್ತೆಯ ಹೆಸರು ಇರೀನಿ. ಗೊತ್ತಿರಲಿಲ್ಲ ಎಂದಲ್ಲ. ಅತ್ತೆಯ ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಇಲ್ಲವಲ್ಲ, ಹಾಗಾಗಿ ಅದು ನನ್ನ ನಾಲಿಗೆಗೂ ಬಂದಿರಲಿಲ್ಲ, ನೋಟ್‌ಬುಕ್ಕಿಗೂ ಇಳಿದಿರಲಿಲ್ಲ.

ಅಷ್ಟರಲ್ಲಿ ನನ್ನ ಪಟ್ಟಿಯ ಮೇಲೆ ನನಗೇ ನಂಬಿಕೆ ಕಡಿಮೆಯಾಗಿತ್ತು. ‘ಗ್ರೀಕ್ ಹೆಸರುಗಳು’ ಎಂದು ಸಿಗುವ ಪಟ್ಟಿಗಳಲ್ಲಿ ಮರಿಯಾ, ಯೊಆನ್ನಿಸ್ ಮೊದಲೇ ಇರುತ್ತವೆ. ಅವೆರಡರ ಮೂಲ ಹೀಬ್ರೂ. ಕತೆರಿನಾ ಎಂದರೆ ‘ಶುದ್ಧಳು’ ಎಂದು ಬರೆದಿರುತ್ತಾರೆ, ಆದರೆ ಅದರ ಮೂಲದ ಬಗ್ಗೆ ಪಂಡಿತರಲ್ಲೇ ಒಮ್ಮತವಿಲ್ಲ. ಎಲೆನಿಯದೂ ಅದೇ ಕಥೆ. ಕೈ ಹಿಡಿದು ಬಿಡಿಸಬಹುದಾದ ಹೆಸರುಗಳು ಬೇರೆಯೇ ಇವೆ. ಥಿಯೋಸ್ ದೇವರು, ದೋರೋನ್ ಉಡುಗೊರೆ. ಮುಂದೆ ಹಿಂದೆ ಮಾಡಿದರೆ ಥಿಯೊದೋರಾ ಒಂದು ಹೆಸರು, ದೊರೊಥೇಯಾ ಇನ್ನೊಂದು, ಎರಡೂ ನಮ್ಮ ದೇವದತ್ತನ ಅಕ್ಕತಂಗಿಯರು. ಯೊರ್ಗೋಸ್ ಎಂದರೆ ಮಣ್ಣಿನಲ್ಲಿ ದುಡಿಯುವವನು, ರೈತ. ಫಿಲಿಪ್ಪೋಸ್ ಎಂದರೆ ಕುದುರೆಯನ್ನು ಪ್ರೀತಿಸುವವನು. ಮಂಗಳೂರು ಕಡೆ ಕೇಳಿಬರುವ ಫಿಲಿಪ್, ಸ್ಟೀಫನ್, ಸೋಫಿಯಾ, ಐರಿನ್ ಎಲ್ಲವೂ ಹುಟ್ಟಿದ್ದು ಈ ಭಾಷೆಯಲ್ಲೇ.

ಇನ್ನೊಂದು ಮಾತು. ಗಂಡುಮಗುವಾದರೆ ಹೆಸರನ್ನು ಬರೆದು ನೋಡಿದರೆ ಸಾಲದು, ಕೂಗಿ ನೋಡಬೇಕು. ನಮ್ಮ ಸಂಬೋಧನಾ ವಿಭಕ್ತಿ ಇವರಿಗೂ ಇದೆ. ಅವನು ಯೊರ್ಗೋಸ್, ಆದರೆ ಕರೆಯುವಾಗ ಯೊರ್ಗೋ. ಕೊನೆಯ ‘ಸ್’ ಬಿದ್ದುಹೋಗುತ್ತದೆ.

ಒಂದು ಭಾನುವಾರ ಮಗುವನ್ನು ಎತ್ತಿಕೊಂಡು ಅತ್ತೆಯ ಜೊತೆ ಚರ್ಚಿಗೆ ಹೋದೆ. ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ, ಮಗುವಿಗೆ ಮಂಪರು. ಪೂಜೆ ಶುರುವಾಗುತ್ತಲೇ ಪಾದ್ರಿ ರಾಗವಾಗಿ ಹೇಳಿದರು: “ಎನ್ ಇರೀನಿ…” ಶಾಂತಿಯಿಂದ ಪ್ರಭುವನ್ನು ಪ್ರಾರ್ಥಿಸೋಣ. ಮುಂದಿನ ಸಾಲಿನಲ್ಲಿ ಮೇಲಿನಿಂದ ಬರುವ ಶಾಂತಿಗಾಗಿ. ಅದರ ಮುಂದಿನದು ಇಡೀ ಲೋಕದ ಶಾಂತಿಗಾಗಿ. ಇರೀನಿ ಎಂದರೆ ಶಾಂತಿ ಎಂಬುದನ್ನು ನೂರು ಸಲ ಓದಿದ್ದೆ, ಕೇಳಿದ್ದು ಅವತ್ತೇ. ಮೂರು ಸಲ ಆ ಪದ ಬಂತು. ಶಾಂತಿಃ ಶಾಂತಿಃ ಶಾಂತಿಃ ಎಂದು ನಮ್ಮಪ್ಪ ಪೂಜೆ ಮುಗಿಸುತ್ತಿದ್ದದ್ದು ನೆನಪಾಗಿ ಕಣ್ಣು ತುಂಬಿತು. ಅವರು ಶುರು ಮಾಡುವ ಪದದಲ್ಲೇ ನಾವು ಮುಗಿಸುತ್ತೇವೆ.

ಮನೆಗೆ ಬಂದು ಅಡುಗೆಮನೆಯಲ್ಲಿ, ಇರೀನಿ ಎಂದೇ ಇಡೋಣ ಎಂದು ಹೇಳಿದೆ. ಅತ್ತೆ ಸೆರಗಿನಂತೆ ಏಪ್ರನ್ ತುದಿಯಲ್ಲಿ ಕೈ ಒರೆಸಿಕೊಂಡರು. ಮಗುವಿನ ಒಂದು ಪಾದ ಹಿಡಿದು “ರಿನೂಲಾ” ಎಂದರು. ಇರೀನಿಯನ್ನು ಮುದ್ದಿಗೆ ಹಾಗೆ ಕರೆಯುತ್ತಾರೆ. ಅತ್ತೆಯನ್ನು ಅವರ ಅಮ್ಮ ಹಾಗೇ ಕರೆಯುತ್ತಿದ್ದರಂತೆ.

ಫೋನಿನಲ್ಲಿ ಅಮ್ಮನಿಗೆ ಮಾತ್ರ ಒಂದು ಚಿಂತೆ: “ಅತ್ತೆ ಹೆಸರಿಟ್ಕೊಂಡು ಮಗೂನ ಬೈಯೋದು ಹ್ಯಾಗೆ ಕಣೇ?” ಅದಕ್ಕೇ ಕರೆಯುವ ಹೆಸರು ರಿನೂಲಾ ಇದೆ ಎಂದೆ. ಅರ್ಥ ಹೇಳಿದ ಮೇಲೆ ಸಮಾಧಾನವಾಯಿತು. ಮುಂದೆ ಹಾಸನದಲ್ಲಿ ತೊಟ್ಟಿಲಿಗೆ ಹಾಕಿದಾಗ ಕಿವಿಯಲ್ಲಿ ಮೂರು ಹೆಸರು ಹೇಳಿದೆವು: ನಕ್ಷತ್ರದ್ದು, ಮನೆದೇವರದ್ದು, ಆಮೇಲೆ ಶಾಂತಿ.

ನೋಂದಣಿ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕಿದೆವು. ದೀಕ್ಷಾಸ್ನಾನ ಎಷ್ಟೇ ವಿಜೃಂಭಣೆಯಿಂದ ಆದರೂ ಕಾನೂನಿಗೆ ಬೇಕಾದದ್ದು ಈ ಸಹಿಯೇ. ಪಾಸ್‌ಪೋರ್ಟಿನ ಇಂಗ್ಲಿಷ್ ಅಕ್ಷರಗಳನ್ನು ಮೊದಲೇ ನೋಡಿಕೊಳ್ಳಿ. ಗ್ರೀಕ್‌ನಲ್ಲಿ ಈ ಹೆಸರು ಎಪ್ಸಿಲಾನ್ ಮತ್ತು ಅಯೋಟಾದಿಂದ ಶುರುವಾಗುತ್ತದೆ, ಪಾಸ್‌ಪೋರ್ಟಿನಲ್ಲೂ ‘ಇ’ ‘ಐ’ ಎಂಬ ಎರಡಕ್ಷರ ಬರುತ್ತವೆ, ಉಚ್ಚಾರ ಮಾತ್ರ ‘ಇ’. ಬೆಂಗಳೂರಿನ ನನ್ನ ತಮ್ಮ ಇವತ್ತಿಗೂ ಐರಿನಿ ಎಂದೇ ಓದುತ್ತಾನೆ.

ಮೇ 5 ಸಂತ ಇರೀನಿಯ ದಿನ, ಆ ಹೆಸರಿನವರಿಗೆಲ್ಲ ಹೆಸರಿನ ಹಬ್ಬ. ಇಲ್ಲಿ ದೊಡ್ಡವರಿಗೆ ಹುಟ್ಟುಹಬ್ಬಕ್ಕಿಂತ ಇದೇ ಹೆಚ್ಚು. ಕ್ಯಾಲೆಂಡರ್ ನೋಡಿ ಎಲ್ಲರೂ ಫೋನ್ ಮಾಡುತ್ತಾರೆ. ಮೊದಲ ವರ್ಷ ಬೆಳಿಗ್ಗೆಯೇ ಹಾಸನದಿಂದ ಕರೆ ಬಂತು. ಎರಡು ದಿನ ಬಾಯಿಪಾಠ ಮಾಡಿದ್ದ “ಹ್ರೋನ್ಯಾ ಪೊಲ್ಲಾ” (ಬಹಳ ವರ್ಷ ಬಾಳು) ಎಂಬ ಹಾರೈಕೆಯನ್ನು ಅಮ್ಮ ಮಗುವಿಗೆ ಹೇಳಿ, “ಈಗ ದೊಡ್ಡ ಇರೀನಿಗೆ ಕೊಡೇ ಫೋನು” ಎಂದರು.