ಡೈರಿಗೆ ಮಿಷನ್ ಬಂದಾಗ ನಾವು ಮಾಡಿದ್ದು

ಹಾಸನ ಜಿಲ್ಲೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ನಾನು ಕಾರ್ಯದರ್ಶಿ. ಹಾಲು ಪರೀಕ್ಷೆಗೆ ಮಿಷನ್ ತರಿಸೋಣ ಅಂತ ಆಡಳಿತ ಮಂಡಳಿ ತೀರ್ಮಾನ ಮಾಡಿದಾಗ ಮೊದಲು ಬೇಡ ಅಂದವರು ನಮ್ಮ ಪರೀಕ್ಷಕರೇ. ಆಮೇಲೆ ಹಾಲು ಹಾಕುವವರೂ ದನಿಗೂಡಿಸಿದರು.

ಇಬ್ಬರ ಭಯವೂ ಬೇರೆ ಬೇರೆ. ಹಾಲು ಹಾಕುವವರಿಗೆ ದರದ ಚಿಂತೆ. ಅಲ್ಲಿವರೆಗೆ ಡಿಗ್ರಿ (ಲ್ಯಾಕ್ಟೋಮೀಟರ್ ತೋರಿಸುವ ಹಾಲಿನ ಸಾಂದ್ರತೆ) ಸರಿಯಿದ್ದರೆ ಎಲ್ಲರಿಗೂ ಒಂದೇ ದರ ಸಿಗುತ್ತಿತ್ತು. ಇನ್ನು ಮುಂದೆ ಅವರವರ ಹಾಲಿನ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಘನಾಂಶ) ನೋಡಿ ಬಟವಾಡೆ. ಪರೀಕ್ಷಕರದು ಹಾಗಲ್ಲ. ಅವರು ಆಸಿಡ್ ಹಾಕಿ ಹಾಲಿನ ಕೊಬ್ಬು ಅಳೆಯುವ ಗರ್ಬರ್ ಪರೀಕ್ಷೆಯಲ್ಲಿ ಪಳಗಿದವರು. ಬ್ಯುಟಿರೋಮೀಟರ್ ಅನ್ನೋ ಅಳತೆ ಗುರುತಿನ ಗಾಜಿನ ಕೊಳವೆಗೆ 10 ಮಿ.ಲೀ. ಆಸಿಡ್, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ, ತಿರುಗಿಸಿ, ಕೊಳವೆಯಲ್ಲಿ ಮೇಲೆ ನಿಂತ ಹಳದಿ ಕೊಬ್ಬನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಿದ್ದರು. ಅವರ ಲೆಕ್ಕವನ್ನು ಊರು ನಂಬುತ್ತಿತ್ತು. "ಗುಂಡಿ ಒತ್ತೋ ಕೆಲ್ಸಕ್ಕೆ ನಾನ್ಯಾಕಪ್ಪ ಬೇಕು?" ಅಂತ ಒಂದು ಸಂಜೆ ಕೇಳಿದರು.

ಅವರನ್ನು ಒಪ್ಪಿಸೋಕೆ ನಾನು ಭಾಷಣ ಮಾಡಲಿಲ್ಲ. "ಅಣ್ಣ, ಮಿಷನ್ ಸರಿಯಾಗಿದೆಯಾ ಅಂತ ನೋಡೋರು ನೀವೇ. ನೀವು ಹೂಂ ಅಂದ ಮೇಲೇ ಅದರ ಲೆಕ್ಕದಲ್ಲಿ ದುಡ್ಡು ಕೊಡೋಣ" ಅಂದೆ. ಮಂಡಳಿಯೂ ಒಪ್ಪಿತು. ಒಂದೇ ಹಾಲನ್ನು ಎರಡೂ ಥರ ಪರೀಕ್ಷೆ ಮಾಡಿ, ಎರಡೂ ಅಂಕಿಯನ್ನು ಎಲ್ಲರೆದುರು ಬೋರ್ಡಿನ ಮೇಲೆ ಬರೆದೆವು. ಶುರುವಿನಲ್ಲಿ ವ್ಯತ್ಯಾಸ ಬಂತು. ಪರೀಕ್ಷಕರು ಪಟ್ಟು ಹಿಡಿದು ತಂತ್ರಜ್ಞರನ್ನು ಕರೆಸಿ ಮಿಷನ್ ಸರಿಮಾಡಿಸಿದರು. ಅವತ್ತಿಂದ ಅದು ಅವರ ಮಿಷನ್ ಆಯಿತು. ಹಾಲು ಚೆನ್ನಾಗಿ ಕಲಕದಿದ್ದರೆ, ಸ್ಯಾಂಪಲ್‌ನಲ್ಲಿ ನೊರೆ ಇದ್ದರೆ, ಮಿಷನ್ ಒಳಗೆ ಸರಿಯಾಗಿ ತೊಳೆಯದಿದ್ದರೆ ಅಂಕಿ ತಪ್ಪುತ್ತೆ ಅಂತ ಹುಡುಗರಿಗೆ ಹೇಳಿಕೊಟ್ಟವರೂ ಅವರೇ. ಇಷ್ಟು ವರ್ಷದ ಕೈಗುಣ ಎಲ್ಲಿ ಹೋಗುತ್ತೆ, ಅಲ್ವಾ?

ಹಾಲು ಹಾಕುವವರ ಅನುಮಾನ ಕಳೆದದ್ದು ನಿಧಾನವಾಗಿ. "ಹಸು ಅದೇ, ಮೇವು ಅದೇ, ಬೆಳಿಗ್ಗೆ ಫ್ಯಾಟ್ ಕಮ್ಮಿ, ಸಂಜೆ ಜಾಸ್ತಿ. ಇದೆಂಥ ಮಿಷನ್?" ಅಂತ ಒಬ್ಬ ಅಕ್ಕ ಜಗಳಕ್ಕೇ ಬಂದರು. ಸಂಜೆ ಕರೆದ ಮೇಲೆ ಬೆಳಿಗ್ಗೆವರೆಗೆ ಅಂತರ ಜಾಸ್ತಿ ಇರುತ್ತೆ. ಹಾಲು ಹೆಚ್ಚು ಇಳಿಯುತ್ತೆ, ಫ್ಯಾಟ್ ತೆಳುವಾಗುತ್ತೆ. ಇನ್ನೊಂದು ವಿಷಯವೂ ಇತ್ತು. ಅವರು ಕೊನೆಯ ಹಾಲನ್ನು ಕರುವಿಗೆ ಬಿಡುತ್ತಿದ್ದರು. ಕೆಚ್ಚಲಲ್ಲಿ ಕೊಬ್ಬು ಜಾಸ್ತಿ ಇರೋದು ಆ ಕೊನೆಯ ಹಾಲಿನಲ್ಲೇ. ಕರುವಿನ ಪಾಲು ಮೊದಲೇ ಕುಡಿಸಿ, ಆಮೇಲೆ ಪೂರ್ತಿ ಕರೆಯಿರಿ ಅಂದೆವು. ಅವರ ಚೀಟಿಯಲ್ಲಿ ಅಂಕಿ ಏರಿತು. ನನ್ನ ಮಾತಿಗಿಂತ ಆ ಚೀಟಿಯೇ ಬೀದಿಯಲ್ಲಿ ಜಾಸ್ತಿ ಓಡಾಡಿತು.

ನೀರು ಬೆರೆಸುತ್ತಿದ್ದ ಕೆಲವರು ಕೊನೆವರೆಗೂ ಒಪ್ಪಲಿಲ್ಲ. ಒಪ್ಪಿಸೋಕೆ ನಾವೂ ಹೋಗಲಿಲ್ಲ. ಒಳ್ಳೆ ಹಾಲು ಹಾಕುವವರಿಗೆ ನ್ಯಾಯ ಸಿಗಲಿ ಅಂತಲೇ ಮಿಷನ್ ತಂದದ್ದು.

ಗರ್ಬರ್ ಸಾಮಾನನ್ನು ನಾವು ಮೂಲೆಗೆ ಹಾಕಿಲ್ಲ. ಈಗಲೂ ಯಾರಾದರೂ ತಕರಾರು ತೆಗೆದರೆ, ಪರೀಕ್ಷಕರು ಅವರನ್ನು ಎದುರಿಗೇ ನಿಲ್ಲಿಸಿಕೊಂಡು ಅದೇ ಹಾಲನ್ನು ಆಸಿಡ್ ಹಾಕಿ ಪರೀಕ್ಷೆ ಮಾಡುತ್ತಾರೆ. ಎರಡು ಅಂಕಿ ತಾಳೆಯಾಗದಿದ್ದರೆ ಅವತ್ತು ಮಿಷನ್ ನಿಲ್ಲಿಸುವ ಅಧಿಕಾರ ಅವರದ್ದೇ.