ಡ್ಯೂಟಿ ಪಟ್ಟಿ ನೋಡಿ ಹಿಟ್ಟು ರುಬ್ಬುವುದು: ಪಿಜಿ ದಿನಗಳಲ್ಲಿ ಮನೆ ನಡೆಸುವ ಬಗೆ

ಜನರಲ್ ಮೆಡಿಸಿನ್ ಪಿಜಿಗೆ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಸ್ನಾತಕೋತ್ತರ ಓದುವ ವೈದ್ಯರಿಗೆ, ವಾರ ಶುರುವಾಗುವುದು ಯೂನಿಟ್ಟಿನ (ತಮ್ಮ ವೈದ್ಯರ ತಂಡದ) ಅಡ್ಮಿಷನ್ ದಿನದಿಂದ, ಸೋಮವಾರದಿಂದ ಅಲ್ಲ. ಬೆಳಿಗ್ಗೆ 8ಕ್ಕೆ ಒಪಿಡಿಯಲ್ಲಿ ಕೂತರೆ ಡ್ಯೂಟಿ ಮರುದಿನ ಬೆಳಿಗ್ಗೆ 8ರ ತನಕ. ಆಮೇಲೆ ಹೊಸ ರೋಗಿಗಳ ರೌಂಡ್ಸ್, ಕೇಸ್ ಶೀಟು, ಡಿಸ್ಚಾರ್ಜ್ ಸಮರಿ ಎಲ್ಲ ಮುಗಿಸಿ ಹೊರಬೀಳುವಾಗ ಮಧ್ಯಾಹ್ನ 2. ನಡುನಡುವೆ ಐಸಿಯು ಪಾಳಿ ಬೇರೆ. ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಈ ಕೆಲಸ ಮಾಡುವಾಗ ನಾನು ಹಿಡಿದುಕೊಂಡಿರುವ ನಿಯಮ ಒಂದೇ: ಯೋಚನೆ ಮಾಡಿ ತೀರ್ಮಾನಿಸಬೇಕಾದ ಕೆಲಸವೆಲ್ಲ ಡ್ಯೂಟಿಯ ಹಿಂದಿನ ದಿನಕ್ಕೆ, ಬರೀ ಕೈಯಾಡಿಸಿದರೆ ಸಾಕಾಗುವ ಕೆಲಸ ಪೋಸ್ಟ್ ಡ್ಯೂಟಿಗೆ, ಅಂದರೆ ಡ್ಯೂಟಿ ಮುಗಿಸಿ ಮನೆಗೆ ಬರುವ ದಿನಕ್ಕೆ. 24 ಗಂಟೆ ನಿದ್ದೆಗೆಟ್ಟವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.10ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲೇ ಅಳೆದು ತೋರಿಸಿದ್ದಾರೆ. ನಮ್ಮ ಮೋಟಾರು ವಾಹನ ಕಾಯ್ದೆ ಬಿಡುವುದು ಶೇ. 0.03ರ ತನಕ. ಅದಕ್ಕೇ ಪೋಸ್ಟ್ ಡ್ಯೂಟಿ ದಿನ ಸ್ಕೂಟರ್ ಆಸ್ಪತ್ರೆಯ ಸ್ಟ್ಯಾಂಡಿನಲ್ಲೇ ಇರುತ್ತದೆ, ಮನೆಗೆ ಆಟೋ. ಅದರ ದುಡ್ಡನ್ನು ತಿಂಗಳ ಸ್ಟೈಪೆಂಡ್ ಬಂದಾಗಲೇ ಬೇರೆ ತೆಗೆದಿಡುತ್ತೇನೆ, ಇಲ್ಲದಿದ್ದರೆ ಆ ಹೊತ್ತಿಗೆ "ಇಷ್ಟೇ ದೂರ ಅಲ್ವಾ" ಅನ್ನಿಸಿಬಿಡುತ್ತದೆ.

ಮನೆಯ ನೆಮ್ಮದಿ ಅಡುಗೆಮನೆಯಲ್ಲಿ ಶುರುವಾಗುತ್ತದೆ ಅನ್ನುತ್ತಾರೆ. ಪಿಜಿಯ ಮಟ್ಟಿಗೆ ಅದು ಶುರುವಾಗುವುದು ಹ್ಯಾಂಡೋವರಿನಲ್ಲಿ, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವುದರಲ್ಲಿ. ಮಲಗಿದ ಅರ್ಧ ಗಂಟೆಗೆ ಫೋನ್ ಬಂದು "ಆ 14ನೇ ಬೆಡ್‌ಗೆ ಏನು ಮಾಡೋದು?" ಎಂದು ಕೇಳಿದರೆ ತಪ್ಪು ಕೇಳಿದವರದ್ದಲ್ಲ, ಹೇಳದೆ ಬಂದವರದ್ದು. ನಾನು ಪ್ರತಿ ರೋಗಿಗೆ ನಾಲ್ಕು ಸಾಲು ಬರೆಯುತ್ತೇನೆ: ಎಷ್ಟು ಸೀರಿಯಸ್, ಏನು ಕಾಯಿಲೆ, ಯಾವ ರಿಪೋರ್ಟ್ ಎಷ್ಟು ಹೊತ್ತಿಗೆ ಬರಬೇಕು, ಹೀಗಾದರೆ ಏನು ಮಾಡಬೇಕು. ನಾಲ್ಕನೆಯ ಸಾಲೇ ನಿದ್ದೆ ಉಳಿಸುವುದು.

ಈ ಭಾಗದಲ್ಲಿ ಕೀಟನಾಶಕದ ವಿಷಪ್ರಾಶನ ಬರುತ್ತಲೇ ಇರುವುದರಿಂದ ಅದನ್ನೇ ತೆಗೆದುಕೊಳ್ಳೋಣ. "ಆರ್ಗನೋಫಾಸ್ಫರಸ್ (ಕೀಟನಾಶಕದ ಒಂದು ಬಗೆ), ಅಟ್ರೋಪಿನ್ (ಅದಕ್ಕೆ ಕೊಡುವ ಔಷಧ) ನಡೀತಿದೆ" ಎಂದಷ್ಟೇ ಬರೆದರೆ ಏನೂ ಬರೆದಂತಾಗಲಿಲ್ಲ. ಇನ್‌ಫ್ಯೂಷನ್ (ಡ್ರಿಪ್) ಗಂಟೆಗೆ ಎಷ್ಟು ಮಿ.ಲೀ., ಕೊನೆಯ ಸಲ ನೋಡಿದ್ದು ಎಷ್ಟು ಗಂಟೆಗೆ, ಆಗ ಎದೆಯ ಸದ್ದು ಸ್ವಚ್ಛವಿತ್ತೇ, ನಾಡಿ 80ರ ಮೇಲಿತ್ತೇ, ಮೇಲಿನ ಬಿಪಿ 80 ದಾಟಿತ್ತೇ, ಕಂಕುಳು ಒಣಗಿತ್ತೇ, ಪಾಪೆ ಸೂಜಿಮೊನೆಯ ಅಳತೆ ಬಿಟ್ಟು ಅಗಲವಾಗಿತ್ತೇ ಎಂಬುದು ಬೇಕು. ರೋಗಿ ಬಡಬಡಿಸತೊಡಗಿದರೆ, ಮೈ ಬಿಸಿಯಾದರೆ, ಹೊಟ್ಟೆಯ ಸದ್ದು ನಿಂತರೆ ಅಟ್ರೋಪಿನ್ ಹೆಚ್ಚಾಗಿದೆ ಎಂದು ಅರ್ಥ. ತಡೆದು, ಕಡಿಮೆ ವೇಗದಲ್ಲಿ ಮತ್ತೆ ಹಚ್ಚಬೇಕು ಎಂಬುದನ್ನೂ ಬರೆದಿಡುತ್ತೇನೆ. ಜೊತೆಗೆ ಒಂದು ಸಾಲು: ಪ್ರತಿ ಸಲ ನೋಡುವಾಗ ದಿಂಬಿನಿಂದ ತಲೆ ಎತ್ತಲು ಹೇಳಿ. ವಿಷ ಒಳಗೆ ಹೋದ 24ರಿಂದ 96 ಗಂಟೆಯೊಳಗೆ, ಎಲ್ಲ ಸರಿಹೋಯಿತು ಅನ್ನಿಸುವಾಗಲೇ, ಕೆಲವರಿಗೆ ಕತ್ತಿನ ಸ್ನಾಯು ಸೋಲುತ್ತದೆ. ಅದರ ಬೆನ್ನಿಗೆ ಉಸಿರಾಟ ಸೋಲುತ್ತದೆ. ತಲೆ ಎತ್ತಲಾಗದಿದ್ದರೆ ಐಸಿಯುಗೆ ತಿಳಿಸಲು ರಿಪೋರ್ಟ್ ಕಾಯಬೇಕಾಗಿಲ್ಲ. ಬರೆದದ್ದನ್ನು ಕೊಟ್ಟು ಬಂದರೆ ಸಾಲದು, ಕೋ-ಪಿಜಿಯ ಬಾಯಲ್ಲಿ ವಾಪಸ್ ಹೇಳಿಸಿಕೊಳ್ಳಬೇಕು. ಎರಡು ನಿಮಿಷದ ಕೆಲಸ. ಅದಾದ ಮೇಲೆ ಫೋನನ್ನು ಸದ್ದಿಲ್ಲದಂತೆ ಮಾಡಿ, ಯೂನಿಟ್ಟಿನ ಒಂದು ನಂಬರ್ ಮತ್ತು ಊರಿನ ಮನೆಯ ನಂಬರ್ ಎರಡಕ್ಕೆ ಮಾತ್ರ ರಿಂಗ್ ಆಗುವಂತೆ ಇಡುತ್ತೇನೆ.

ಡ್ಯೂಟಿಯ ರಾತ್ರಿ 3ರಿಂದ 5ರ ನಡುವೆ ಬಿಡುವು ಸಿಕ್ಕರೆ 20 ನಿಮಿಷ ಕಣ್ಣು ಮುಚ್ಚುವುದು ಒಳ್ಳೆಯದು. ಮುಕ್ಕಾಲು ಗಂಟೆ ಮಲಗಿದರೆ ಗಾಢ ನಿದ್ದೆಯ ನಡುವಿನಿಂದ ಏಳಬೇಕಾಗುತ್ತದೆ, ತಲೆ ಮಂಕಾಗಿರುತ್ತದೆ. ಎಷ್ಟೇ ಮಲಗಿದ್ದರೂ ಎದ್ದ ಮೊದಲ ಕಾಲು ಗಂಟೆಯಲ್ಲಿ ಇನ್ಸುಲಿನ್ ಅಥವಾ ಪೊಟ್ಯಾಸಿಯಂ ಡೋಸ್ ಬರೆಯಬೇಕಾಗಿ ಬಂದರೆ ಸಿಸ್ಟರ್ ಹತ್ತಿರ ಗಟ್ಟಿಯಾಗಿ ಓದಿಸುತ್ತೇನೆ. ಕೊನೆಯ ಚಹಾ ಬೆಳಗಿನ ಜಾವ 4ಕ್ಕೆ. ಕೆಫೀನಿನ ಅರ್ಧಾಯು, ಅಂದರೆ ಮೈಯಲ್ಲಿ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು, ಸುಮಾರು 5 ಗಂಟೆ. 4ಕ್ಕೆ ಕುಡಿದದ್ದು ಮಧ್ಯಾಹ್ನ 2ಕ್ಕೆ ಕಾಲು ಭಾಗಕ್ಕೆ ಇಳಿದಿರುತ್ತದೆ. ರೌಂಡ್ಸಿನ ನಡುವೆ 11ಕ್ಕೆ ಕ್ಯಾಂಟೀನಿನಲ್ಲಿ ಇನ್ನೊಂದು ಕಪ್ ಏರಿಸಿದರೆ ಆ ಲೆಕ್ಕವೆಲ್ಲ ಕೆಡುತ್ತದೆ.

ಮನೆಯ ಬಾಗಿಲಲ್ಲಿ ಮುಚ್ಚಳವಿರುವ ಒಂದು ಬಕೆಟ್ ಇದೆ. ಏಪ್ರನ್, ವಾರ್ಡಿನ ಬಟ್ಟೆ ನೇರ ಅದಕ್ಕೆ. ಕಜ್ಜಿ ಹರಡುವುದು ಹೆಚ್ಚಾಗಿ ಮೈಗೆ ಮೈ ತಾಗಿ, ಆದರೂ ಬಟ್ಟೆಯಿಂದಲೂ ಬರಬಹುದು, ಹಾಗಾಗಿ ಮನೆಯವರ ಬಟ್ಟೆಯ ಜೊತೆ ಸೇರಿಸುವುದಿಲ್ಲ. ರಕ್ತದ ಕಲೆಗೆ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಪ್ರೋಟೀನ್ ಗಟ್ಟಿಯಾಗಿ ಕಲೆ ನೂಲಿಗೇ ಕಚ್ಚಿಕೊಳ್ಳುತ್ತದೆ. ಬೆಟಾಡಿನ್ ಕಲೆಗೆ 500 ಮಿ.ಗ್ರಾಂ ವಿಟಮಿನ್ ಸಿ ಮಾತ್ರೆಯೊಂದನ್ನು ಪುಡಿಮಾಡಿ ಅರ್ಧ ಲೋಟ ನೀರಿನಲ್ಲಿ ಕದಡಿ ಸುರಿದರೆ ಸಾಕು, ಕಂದು ಬಣ್ಣ ಕಣ್ಣೆದುರೇ ಹೋಗುತ್ತದೆ. ಆಸ್ಕಾರ್ಬಿಕ್ ಆಮ್ಲ ಅಯೋಡಿನ್ನನ್ನು ಬಣ್ಣವಿಲ್ಲದ ಅಯೋಡೈಡ್ ಮಾಡುತ್ತದೆ. ಚೀಪುವ ಕಿತ್ತಳೆ ಮಾತ್ರೆಯಾದರೆ ಅದರ ಬಣ್ಣವೇ ಬಟ್ಟೆಗೆ ಹತ್ತಬಹುದು, ಬಿಳಿ ಮಾತ್ರೆ ಹುಡುಕಿ.

ಸ್ನಾನ, ಒಂದು ಬಟ್ಟಲು ಮೊಸರನ್ನ, ನಿದ್ದೆ. ಮಧ್ಯಾಹ್ನ 3ರಿಂದ ಹೆಚ್ಚೆಂದರೆ 6. ಎಚ್ಚರವಾದಾಗ ಮೈ "ಇನ್ನೂ ಬೇಕು" ಅನ್ನುತ್ತದೆ, ಕೊಡಬಾರದು. ರಾತ್ರಿ 9ರ ತನಕ ಮಲಗಿದರೆ ಮಧ್ಯರಾತ್ರಿ ಕಣ್ಣು ಬಿಟ್ಟುಕೊಂಡು ಕೂರಬೇಕು, ಮರುದಿನದ ರೌಂಡ್ಸಿನಲ್ಲಿ ತೂಕಡಿಸಬೇಕು, ಒಂದು ಡ್ಯೂಟಿ ಎರಡು ದಿನ ತಿಂದಂತೆ. 6ಕ್ಕೆ ಎದ್ದು ಕಿಟಕಿ ತೆರೆದರೆ ಒಂದು ಪೂರ್ತಿ ಸಂಜೆ ಕೈಗೆ ಸಿಗುತ್ತದೆ. ನನ್ನ ಪ್ರಕಾರ ಪಿಜಿಯ ವಾರದಲ್ಲಿ ಎಲ್ಲಕ್ಕಿಂತ ರುಚಿಯಾದ ಹೊತ್ತು ಅದು. ಆ ಸಂಜೆಗೇ ದೋಸೆ.

ದೋಸೆಹಿಟ್ಟಿನ ಕೆಲಸ ಡ್ಯೂಟಿಯ ಹಿಂದಿನ ದಿನ ಬೆಳಿಗ್ಗೆ 7ಕ್ಕೆ ಶುರು. 3 ಕಪ್ ದೋಸೆ ಅಕ್ಕಿ ಒಂದು ಪಾತ್ರೆಯಲ್ಲಿ, 1 ಕಪ್ ಉದ್ದಿನಬೇಳೆ ಮತ್ತು 1 ಟೀ ಚಮಚ ಮೆಂತ್ಯ ಇನ್ನೊಂದರಲ್ಲಿ. ಸಂಜೆ 7ಕ್ಕೆ ಬಂದು ಅರ್ಧ ಕಪ್ ಅವಲಕ್ಕಿಯನ್ನು ಕಾಲು ಗಂಟೆ ನೆನೆಸಿ, ಅಷ್ಟರಲ್ಲಿ ಉದ್ದು ರುಬ್ಬುವುದು. ಮಿಕ್ಸಿಯಾದರೆ ನೀರು ತಣ್ಣಗಿರಬೇಕು, ಜಾರು ಬಿಸಿಯಾದರೆ ಉದ್ದು ಉಬ್ಬುವುದಿಲ್ಲ. ಒಂದು ಚಮಚ ಹಿಟ್ಟನ್ನು ನೀರಿನ ಬಟ್ಟಲಿಗೆ ಬಿಟ್ಟರೆ ತೇಲಬೇಕು, ಮುಳುಗಿದರೆ ಇನ್ನೂ ಎರಡು ಸುತ್ತು ರುಬ್ಬಿ. ಅಕ್ಕಿ, ಅವಲಕ್ಕಿ ಸಣ್ಣ ರವೆಯ ಹದಕ್ಕೆ. ಕೈಯಿಂದಲೇ ಕಲಸಿ, ಪಾತ್ರೆಯ ಅರ್ಧ ಮಾತ್ರ ತುಂಬಿಸಿ, ರಾತ್ರಿಯಿಡೀ ಹೊರಗೆ. ಡ್ಯೂಟಿಗೆ ಹೊರಡುವ ಮುನ್ನ ಉಪ್ಪು ಹಾಕಿ ಫ್ರಿಜ್ಜಿಗೆ. ಮರುದಿನ ಸಂಜೆಗೆ ಹದವಾಗಿರುತ್ತದೆ.

ಇದು ಕೈಕೊಡುವುದು ಎರಡು ಕಾಲದಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ 12 ಗಂಟೆ ಹೊರಗೆ ನೆನೆದ ಬೇಳೆ ನೊರೆಗಟ್ಟಿ ವಾಸನೆ ಬರುತ್ತದೆ. ಆಗ ನೆನೆಯುವುದೂ ಫ್ರಿಜ್ಜಿನಲ್ಲೇ, ರುಬ್ಬುವುದು ರಾತ್ರಿ 10ಕ್ಕೆ, ಏಕೆಂದರೆ 7 ಗಂಟೆಯಲ್ಲಿ ಉಕ್ಕಿ ಬರುತ್ತದೆ. ಡಿಸೆಂಬರ್-ಜನವರಿಯಲ್ಲಿ ಉಲ್ಟಾ, ಬೆಳಿಗ್ಗೆ ನೋಡಿದರೆ ಹಿಟ್ಟು ಇದ್ದಲ್ಲೇ ಇರುತ್ತದೆ. ಉಗುರುಬೆಚ್ಚಗಿನ ನೀರಿರುವ ದೊಡ್ಡ ಪಾತ್ರೆಯಲ್ಲಿ ಹಿಟ್ಟಿನ ಪಾತ್ರೆ ಇಟ್ಟು ಟವೆಲ್ ಸುತ್ತಿದರೆ ಬಹುಮಟ್ಟಿಗೆ ಬರುತ್ತದೆ. ಬರದಿದ್ದರೂ ಹೊರಗೇ ಬಿಟ್ಟು ಡ್ಯೂಟಿಗೆ ಹೋಗುವುದು ಬೇಡ, 30 ಗಂಟೆಯಲ್ಲಿ ಹುಳಿ ಅತಿಯಾಗುತ್ತದೆ. ಉಬ್ಬದ ಹಿಟ್ಟನ್ನೇ ಫ್ರಿಜ್ಜಿಗಿಟ್ಟು, ಪೋಸ್ಟ್ ಡ್ಯೂಟಿ ದಿನ ಮಲಗುವ ಮುನ್ನ ಹೊರಗೆ ತೆಗೆದಿಟ್ಟರೆ ನಾವು ಮಲಗಿರುವಾಗ ಅದು ಏಳುತ್ತದೆ.

ಅನ್ನದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮಧ್ಯಾಹ್ನದ ಅನ್ನವನ್ನು ಕುಕ್ಕರಿನಲ್ಲೇ ಬಿಟ್ಟು ಮರುದಿನ ಚಿತ್ರಾನ್ನ ಮಾಡುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಅನ್ನ ಬೇಯುವ ಶಾಖಕ್ಕೆ ಸಾಯುವುದಿಲ್ಲ. ಬೆಚ್ಚಗಿರುವ ಅನ್ನದಲ್ಲಿ ಮೊಳೆತು, ವಾಂತಿ ತರಿಸುವ ವಿಷ ಬಿಡುತ್ತದೆ. ಆ ವಿಷ ಒಗ್ಗರಣೆಯ ಬಿಸಿಗೂ ಹೋಗುವುದಿಲ್ಲ. ಅಗಲವಾದ ತಟ್ಟೆಗೆ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಮರುದಿನ ಅದೇ ಅನ್ನ ಉದುರುದುರಾಗಿ ಚಿತ್ರಾನ್ನಕ್ಕೆ ಇನ್ನೂ ಚೆನ್ನಾಗಿ ಒದಗುತ್ತದೆ.

ಡ್ಯೂಟಿ ಚೀಲಕ್ಕೆ ಕಡಕ್ ರೊಟ್ಟಿಯನ್ನು ಮೀರಿಸಿದ್ದು ನನಗೆ ಸಿಕ್ಕಿಲ್ಲ. ಖಾನಾವಳಿಯಲ್ಲೋ ಮನೆಯಲ್ಲೇ ಬಡಿದು ಮಾರುವವರ ಹತ್ತಿರವೋ ಕಟ್ಟುಗಟ್ಟಲೆ ಸಿಗುತ್ತದೆ. ಒಣಗಿದ್ದಷ್ಟು ದಿನ ಕೆಡುವುದಿಲ್ಲ. ಮಳೆಗಾಲದಲ್ಲಿ ಮೆತ್ತಗಾದರೆ ಬೂಸ್ಟು ಹಿಡಿಯುತ್ತದೆ, ಹಾಗಾಗಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು. ಚೀಲದಲ್ಲಿ ಪುಡಿಯಾಗದಂತೆ ನಾಲ್ಕು ತುಂಡು ಮಾಡಿ ಚಪ್ಪಟೆ ಡಬ್ಬಿಗೆ ಹಾಕಿಕೊಳ್ಳುತ್ತೇನೆ. ಜೊತೆಗೆ ಶೇಂಗಾ ಚಟ್ನಿ: 2 ಕಪ್ ಶೇಂಗಾವನ್ನು ಸಣ್ಣ ಉರಿಯಲ್ಲಿ ಕಾಲು ಗಂಟೆ ಹುರಿದು, ಆರಿಸಿ ಸಿಪ್ಪೆ ತೆಗೆದು, 10-12 ಎಸಳು ಬೆಳ್ಳುಳ್ಳಿ, 2 ಚಮಚ ಬ್ಯಾಡಗಿ ಖಾರದಪುಡಿ, 1 ಟೀ ಚಮಚ ಜೀರಿಗೆ, ಉಪ್ಪು ಸೇರಿಸಿ ಕುಟ್ಟುವುದು. ಮಿಕ್ಸಿಯಲ್ಲಾದರೆ ತಡೆದು ತಡೆದು ತಿರುಗಿಸಿ, ಒಂದೇ ಸಮ ಬಿಟ್ಟರೆ ಎಣ್ಣೆ ಬಿಟ್ಟು ಅಂಟಾಗುತ್ತದೆ. ಹುರಿದ ಬಿಸಿಯಲ್ಲೇ ರುಬ್ಬಿದರೂ ಹಾಗೇ. ಒಂದು ಡಬ್ಬಿ ಗಟ್ಟಿ ಮೊಸರು, ಎರಡು ಬಾಳೆಹಣ್ಣು. ಕ್ಯಾಶುಯಲ್ಟಿಯಿಂದ ಕರೆ ಬಂದರೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸಬಹುದಾದ ಊಟ ಇದು. ಬಿಸಿ ಆರಿ ಕೆಡುವ ಮಾತೇ ಇಲ್ಲ.

ಬಿಸಿಯದ್ದೇ ಬೇಕೆನ್ನುವವರು ಉಪ್ಪಿಟ್ಟಿನ ರವೆ ಒಗ್ಗರಣೆ ಹಾಕಿಟ್ಟುಕೊಳ್ಳಬಹುದು. 2 ಕಪ್ ದಪ್ಪ ರವೆಗೆ 4 ದೊಡ್ಡ ಚಮಚ ಎಣ್ಣೆ, ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು, ಇಂಗು, ಉಪ್ಪು. ಕರಿಬೇವು ಗರಿಗರಿಯಾಗುವ ತನಕ ಬಿಡಬೇಕು, ಹಸಿ ಉಳಿದರೆ ಡಬ್ಬಿಯೆಲ್ಲ ಮುಗ್ಗುತ್ತದೆ. ಈರುಳ್ಳಿ ಬೇಡವೇ ಬೇಡ. ಡ್ಯೂಟಿ ರೂಮಿನಲ್ಲಿ ಅರ್ಧ ಕಪ್ ರವೆಗೆ ಒಂದೂಕಾಲು ಕಪ್ ಕುದಿನೀರು, ಮುಚ್ಚಿ ಎಂಟು ನಿಮಿಷ. ಕೆಟಲ್ ಆಫ್ ಆಗಿ ಹೊತ್ತಾದ ನೀರು ಸುರಿದರೆ ನಡುವೆ ಹಸಿಯಾಗಿ ಉಳಿಯುತ್ತದೆ.

ಅಡುಗೆಯಾಚೆಯ ಸುಖಗಳಿಗೂ ಹಿಂದಿನ ದಿನದ್ದೇ ಏರ್ಪಾಡು. ಪೋಸ್ಟ್ ಡ್ಯೂಟಿ ಸಂಜೆ ಏನು ಕೇಳಬೇಕೆಂದು ಹುಡುಕುತ್ತ ಕೂತರೆ ಫೋನಿನಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ. ಗಂಗೂಬಾಯಿ ಹಾನಗಲ್ ಅವರ ಊರಿನಲ್ಲಿದ್ದುಕೊಂಡು ಅವರದೊಂದು ರಾಗ ಮೊದಲೇ ಆರಿಸಿಟ್ಟರೆ, ಚಟ್ನಿ ರುಬ್ಬಿ ಹಂಚು ಕಾಯುವಷ್ಟರಲ್ಲಿ ವಿಲಂಬಿತ್ (ನಿಧಾನ ಲಯದ ಮೊದಲ ಭಾಗ) ಮುಗಿದಿರುತ್ತದೆ. ಉಣಕಲ್ ಕೆರೆಯ ಸುತ್ತಾಟ ಡ್ಯೂಟಿ ಇಲ್ಲದ ಸಂಜೆಗೆ. ಥೀಸಿಸ್ ಕೆಲಸವನ್ನು ಮಾತ್ರ ಪೋಸ್ಟ್ ಡ್ಯೂಟಿ ಸಂಜೆಗೆ ಬಿಟ್ಟುಕೊಳ್ಳಲೇಬಾರದು. ದಣಿದ ಕಣ್ಣಿಗೆ 1.8 ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆಯ ಅಂಕಿ) 18 ಆಗಿ ಶೀಟಿಗೆ ಹೋಗುತ್ತದೆ, ತಿಂಗಳಾದ ಮೇಲೆ ಹುಡುಕಬೇಕಾಗುತ್ತದೆ. ವಾರ್ಡಿನಲ್ಲೇ, ರೋಗಿಯ ಪಕ್ಕದಲ್ಲೇ ತುಂಬಿಸಿ ಮುಗಿಸಿ.

ರಜೆಯ ಲೆಕ್ಕ ಎಲ್ಲರಿಗೂ ಬಾಯಿಪಾಠವಿರಲಿ. 2023ರ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ನಿಯಮಾವಳಿಯ ಪ್ರಕಾರ ವರ್ಷಕ್ಕೆ ಕನಿಷ್ಠ 20 ದಿನ ವೇತನಸಹಿತ ಸಾಂದರ್ಭಿಕ ರಜೆ, 5 ದಿನ ಶೈಕ್ಷಣಿಕ ರಜೆ, ಕೆಲಸದ ಒತ್ತಡ ನೋಡಿಕೊಂಡು ವಾರಕ್ಕೊಂದು ದಿನ ಬಿಡುವು. ಹಬ್ಬಕ್ಕೆ ಇದಕ್ಕಿಂತ ಕೆಲಸಕ್ಕೆ ಬರುವುದು ಅದಲುಬದಲು. ಪಂಚಮಿಗೆ ಉಂಡಿ ಕಟ್ಟಲು ಮನೆಯಲ್ಲಿರಬೇಕೆಂದರೆ ಪಟ್ಟಿ ಅಂಟಿಸಿದ ಮೇಲೆ ಕೇಳಬಾರದು, ಪಟ್ಟಿ ಹಾಕುವ ಸೀನಿಯರ್ ಪೆನ್ನು ಹಿಡಿಯುವ ಮೊದಲೇ ಕೇಳಬೇಕು. ಕೇಳುವಾಗಲೇ "ಅಕ್ಕಾ, ಪಂಚಮಿ ನೀವು ಮಾಡಿ, ಕ್ರಿಸ್‌ಮಸ್ ನಾನು ಮಾಡ್ತೀನಿ" ಎಂದು ಬದಲಿ ದಿನ ಹೇಳಿಬಿಡಬೇಕು. ಬರೀ "ಒಂದು ಡ್ಯೂಟಿ ನೋಡ್ಕೊಳ್ಳಿ" ಎಂದರೆ ಅದು ಸಾಲ, ಅನನುಕೂಲವಾದ ದಿನವೇ ವಸೂಲಿಗೆ ಬರುತ್ತದೆ. ಒಪ್ಪಿದ ಮೇಲೆ ಯೂನಿಟ್ ಗ್ರೂಪಿನಲ್ಲಿ ಎರಡೂ ತಾರೀಖು ಬರೆದು, ಯೂನಿಟ್ ಚೀಫ್‌ಗೆ ತಿಳಿಸಿ. ಬದಲಿ ದಿನದ ಹಿಂದೆ-ಮುಂದೆ ಎರಡೆರಡು ದಿನ ನೋಡುವುದನ್ನು ಮರೆಯಬೇಡಿ. ಐಸಿಯು ಪಾಳಿ ಪಕ್ಕದಲ್ಲೇ ಇದ್ದರೆ ಪೋಸ್ಟ್ ಡ್ಯೂಟಿಯೇ ಇಲ್ಲದಂತಾಗುತ್ತದೆ.

ಪಿಜಿ ಓದಿನ ಭಾಗವಾದ ಡಿಸ್ಟ್ರಿಕ್ಟ್ ರೆಸಿಡೆನ್ಸಿಯ ಮೂರು ತಿಂಗಳಿಗೆ ಜಿಲ್ಲಾಸ್ಪತ್ರೆಗೆ ಹೋಗುವಾಗ ಈ ಏರ್ಪಾಡನ್ನೆಲ್ಲ ಒಂದು ಟ್ರಂಕಿಗೆ ಇಳಿಸಬೇಕು: 3 ಲೀಟರ್ ಕುಕ್ಕರ್, ಸಣ್ಣ ಹಂಚು, ಕೆಟಲ್, ಶೇಂಗಾ ಚಟ್ನಿ, ರೊಟ್ಟಿ ಡಬ್ಬಿ. ಇಂಡಕ್ಷನ್ ಒಲೆ ಒಯ್ಯುವ ಮೊದಲು ಅಲ್ಲಿರುವವರಿಗೆ ಫೋನ್ ಮಾಡಿ ರೂಮಿನ ಪ್ಲಗ್ ಯಾವುದೆಂದು ಕೇಳಿ. 2000 ವ್ಯಾಟ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ, 6 ಆಂಪಿಯರಿನ ಸಣ್ಣ ಸಾಕೆಟ್ ಅದನ್ನು ತಡೆಯುವುದಿಲ್ಲ. 16 ಆಂಪಿಯರ್ ಸಾಕೆಟ್ ಇಲ್ಲವೆಂದರೆ 1000 ವ್ಯಾಟಿನಲ್ಲೇ ನಡೆಸಬೇಕು. ಕುಕ್ಕರ್ ಕೂಗಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಬೇಳೆಯನ್ನು ಅರ್ಧ ಗಂಟೆ ನೆನೆಸಿಯೇ ಇಡಿ.