ಕೆರೆ ಫೋಟೊದಲ್ಲಿ ದಿಗಂತದ ಗೆರೆ ಎಲ್ಲಿ ಕೂರಬೇಕು?

ಹಲಸೂರು ಕೆರೆ, ಸ್ಯಾಂಕಿ ಕೆರೆ ಕಡೆ ಫೋಟೊ ತೆಗೆಯುವವರು ಫೋನಿನ ಕ್ಯಾಮೆರಾದಲ್ಲಿ ಗ್ರಿಡ್ (ಪರದೆಯನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಭಾಗ ಮಾಡುವ ಗೆರೆಗಳು) ಆನ್ ಮಾಡಿಕೊಳ್ಳಿ. ಮೋಡ ಚೆನ್ನಾಗಿದ್ದರೆ ಆಚೆ ದಡವನ್ನು ಕೆಳಗಿನ ಅಡ್ಡಗೆರೆ ಮೇಲೆ ಕೂರಿಸಿ. ಆಕಾಶ ಬರೀ ಬೂದಿ ಬಣ್ಣವಾದರೆ (ನಮ್ಮೂರ ಮಳೆಗಾಲದಲ್ಲಿ ಸಾಮಾನ್ಯವೇ) ಮೇಲಿನ ಗೆರೆಗೆ ಏರಿಸಿ, ನೀರಿಗೆ ಜಾಗ ಬಿಡಿ. ನಟ್ಟನಡುವೆ ಇಟ್ಟರೆ ಚಿತ್ರ ಎರಡು ಹೋಳಾಗಿ, ಕಣ್ಣು ಯಾವ ಕಡೆಗೂ ನಿಲ್ಲುವುದಿಲ್ಲ. ಗಾಳಿಯಿಲ್ಲದೆ ನೀರು ಕನ್ನಡಿಯಂತಿದ್ದಾಗ ಮಾತ್ರ ಈ ಲೆಕ್ಕ ನಡೆಯದು: ಆಗ ನಡುವೆಯೇ ಇಡಿ, ಇಲ್ಲದಿದ್ದರೆ ಎತ್ತರದ ಮರದ ಪ್ರತಿಬಿಂಬದ ತುದಿ ಕತ್ತರಿಸಿಹೋಗುತ್ತದೆ. ಇನ್ನೊಂದು, ಓರೆಯಾಗಿ ದೂರ ಸಾಗುವ ದಡವನ್ನು ನಂಬಿ ಫೋನ್ ಮಟ್ಟ ಮಾಡಬೇಡಿ. ಅದು ಇಳಿಜಾರಾಗಿಯೇ ಕಾಣುತ್ತದೆ. ಫ್ರೇಮಿನ ನಡುವಿರುವ ಕಟ್ಟಡದ ನೆಟ್ಟನೆಯ ಅಂಚು ನೋಡಿ ಸರಿಮಾಡಿ.